ಮಕ್ಕಳ ವೈದ್ಯನ ಕೆಲಸವೇನು?



ನಮ್ಮ ನೆರೆಮನೆಯ ಹಿರಿಯರೊಬ್ಬರು ಮೊನ್ನೆ ಸಾಯಂಕಾಲ ಜಗಲಿಯ ಮೇಲೆ ಕುಳಿತು ನನ್ನನ್ನು ಒಂದು ಪ್ರಶ್ನೆ ಕೇಳಿದರು. “ಅಲ್ಲ ಡಾಕ್ಟರೇ, ನಮ್ಮ ಕಾಲದಲ್ಲಿ ಮನೆಗೊಬ್ಬ ವೈದ್ಯರು. ತಾತನಿಗೂ ಅವರೇ, ಮೊಮ್ಮಗನಿಗೂ ಅವರೇ. ತಾತನಿಗೆ ಒಂದು ಗುಳಿಗೆ, ಮೊಮ್ಮಗನಿಗೆ ಅರ್ಧ ಗುಳಿಗೆ. ಅಷ್ಟರಲ್ಲೇ ನಾವೆಲ್ಲ ಬೆಳೆದು ದೊಡ್ಡವರಾಗಲಿಲ್ಲವೆ? ಕಣ್ಣಿಗೊಬ್ಬ, ಹಲ್ಲಿಗೊಬ್ಬ, ಕಿವಿಗೊಬ್ಬ ಆದಮೇಲೆ ಈಗ ಮಕ್ಕಳಿಗೂ ಬೇರೆ ಒಬ್ಬ ಬೇಕೇನು?”

ನಾನು ಆಗ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ನಕ್ಕು ಬಿಡುವಂಥದಲ್ಲ. ತಮ್ಮಲ್ಲಿ ಅನೇಕರ ಮನಸ್ಸಿನಲ್ಲಿಯೂ ಅದು ಇದ್ದೀತು. ಆದುದರಿಂದ ಇಂದಿನ ಭಾಷಣವನ್ನು ಆ ಹಿರಿಯರಿಗೆ ಕೊಡುವ ಉತ್ತರವೆಂದೇ ತಾವು ಭಾವಿಸಬಹುದು.

ಮೊದಲು ಒಂದು ಮಾತು. ಕಣ್ಣಿನ ವೈದ್ಯನು ದೇಹದ ಒಂದು ಅಂಗವನ್ನು ಬಲ್ಲವನು; ಹಲ್ಲಿನ ವೈದ್ಯನೂ ಹಾಗೆಯೇ. ಮಕ್ಕಳ ವೈದ್ಯನು ಈ ಸಾಲಿಗೆ ಸೇರಿದವನಲ್ಲ. ಅವನಿಗೆ ಅಂಗವೊಂದರ ಹಂಗಿಲ್ಲ. ಇಡಿಯ ಮನುಷ್ಯನನ್ನು, ಆದರೆ ಆಯುಸ್ಸಿನ ಒಂದು ಕಾಲಾವಧಿಯಲ್ಲಿ, ಹುಟ್ಟಿದ ಗಳಿಗೆಯಿಂದ ಸುಮಾರು ಹದಿನೆಂಟು ವರ್ಷ ತುಂಬುವವರೆಗೆ, ನೋಡಿಕೊಳ್ಳತಕ್ಕದ್ದು ಅವನ ಕೆಲಸ. ಆ ಕಾಲಾವಧಿಯಲ್ಲಿ ನಡೆಯುವ ಮುಖ್ಯ ವ್ಯಾಪಾರವಾವುದು? ರೋಗವಲ್ಲ, ಬೆಳವಣಿಗೆ. ದೊಡ್ಡವರ ದೇಹವು ಇದ್ದ ಸ್ಥಿತಿಯಲ್ಲಿ ಇದ್ದರೆ ಆರೋಗ್ಯವೆನ್ನುತ್ತೇವೆ. ಮಗುವಿನ ದೇಹವು ಇದ್ದ ಸ್ಥಿತಿಯಲ್ಲಿಯೇ ಇದ್ದರೆ ಅದೇ ಅನಾರೋಗ್ಯ.

ನಮ್ಮ ಪ್ರಾಚೀನರು ಈ ಭೇದವನ್ನು ಅರಿತಿದ್ದರೆಂದು ತೋರುತ್ತದೆ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದು ಒಂದು. ‘ಭೃ’ ಎಂಬ ಧಾತುವಿಗೆ ಹೊರುವುದು, ಪೋಷಿಸುವುದು ಎಂದರ್ಥ. ಕೌಮಾರಚಿಕಿತ್ಸೆ ಎಂದು ಹೆಸರಿಡದೆ ಕೌಮಾರಭೃತ್ಯವೆಂದು ಹೆಸರಿಟ್ಟುದು ಸುಮ್ಮನೆ ಆಗಿರಲಾರದು. ಕಾಶ್ಯಪಸಂಹಿತೆ ಈ ಅಂಗಕ್ಕೇ ಮೀಸಲಾದ ಗ್ರಂಥ.

ಇನ್ನು ಆ ಅರ್ಧ ಗುಳಿಗೆಯ ವಿಚಾರ. ಮಗುವೆಂದರೆ ಸಣ್ಣ ಅಳತೆಯ ದೊಡ್ಡವನು, ಅಂಗಿಯನ್ನು ಕತ್ತರಿಸಿ ಹೊಲಿದಂತೆ ಔಷಧವನ್ನೂ ಕತ್ತರಿಸಿ ಕೊಟ್ಟರಾಯಿತು ಎಂಬ ಭಾವನೆ ಅದರ ಹಿಂದಿದೆ. ಇದು ಸರಿಯಲ್ಲವೆಂಬುದನ್ನು ಜಗತ್ತು ಬಹು ದುಬಾರಿಯಾದ ಬೆಲೆ ಕೊಟ್ಟು ಕಲಿತಿದೆ. 1950ರ ದಶಕದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಸೋಂಕು ತಗಲದಿರಲೆಂದು ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ಕೊಡುತ್ತಿದ್ದರು. ದೊಡ್ಡವರಿಗೆ ವಿಷಮಶೀತಜ್ವರದಲ್ಲಿ ಪ್ರಾಣದಾನ ಮಾಡಿದ ಔಷಧವದು. ಆದರೆ ಅದನ್ನು ಪಡೆದ ಹಸುಳೆಗಳಲ್ಲಿ ಕೆಲವು ಹೊಟ್ಟೆ ಉಬ್ಬರಿಸಿ, ಮೈಯೆಲ್ಲ ಬೂದಿಯ ಬಣ್ಣಕ್ಕೆ ತಿರುಗಿ ಸತ್ತುಹೋದವು. 1959ರಲ್ಲಿ ಕಾರಣ ಹೊರಬಿತ್ತು. ಆ ಔಷಧವನ್ನು ಪರಿವರ್ತಿಸಿ ಹೊರಹಾಕುವ ಶಕ್ತಿ ಹಸುಳೆಯ ಯಕೃತ್ತಿಗೆ ಇನ್ನೂ ಬಂದಿರಲಿಲ್ಲ. ಒಂದೊಂದು ಸಲ ಕೊಟ್ಟುದೂ ಮೈಯಲ್ಲಿಯೇ ಉಳಿದು ವಿಷವಾಯಿತು. ಯಕೃತ್ತು ಸಣ್ಣದಾಗಿತ್ತೆಂದಲ್ಲ, ಅದು ಬೇರೆ ತೆರನಾಗಿತ್ತು. ಅಳತೆಯ ಭೇದಕ್ಕೂ ತೆರನ ಭೇದಕ್ಕೂ ಇರುವ ಅಂತರವೇ ಮಕ್ಕಳ ವೈದ್ಯಕೀಯಕ್ಕೆ ತಳಹದಿ.

ಇಂಥವು ಇನ್ನೂ ಉಂಟು. ಮೈಯ ತೂಕದೊಡನೆ ಹೋಲಿಸಿದರೆ ನವಜಾತ ಶಿಶುವಿನ ಚರ್ಮದ ಹರಹು ದೊಡ್ಡವರದಕ್ಕಿಂತ ಎರಡೂವರೆ ಮೂರು ಪಟ್ಟು ಹೆಚ್ಚು. ಆದುದರಿಂದಲೇ ಅದರ ಮೈಯ ಕಾವು ಬೇಗ ಹೊರಟುಹೋಗುತ್ತದೆ. ಅದರ ತೂಕದಲ್ಲಿ ಮುಕ್ಕಾಲು ಪಾಲು ನೀರು. ದೊಡ್ಡವರು ಎರಡು ದಿನ ತಾಳಬಹುದಾದ ವಾಂತಿಭೇದಿಯನ್ನು ಹಸುಳೆ ಕೆಲವು ಗಂಟೆಗಳ ಕಾಲವೂ ತಾಳದೆ ಹೋದೀತು. ಇದನ್ನೆಲ್ಲ ಬಲ್ಲವನು ಮಗುವನ್ನು ತಕ್ಕಡಿಯಲ್ಲಿ ತೂಗದೆ ಔಷಧದ ಪ್ರಮಾಣವನ್ನು ಬರೆಯುವುದಿಲ್ಲ.

ತಕ್ಕಡಿಯ ಹೆಸರೆತ್ತಿದೆ. ಆ ವಿಷಯದಲ್ಲಿ ನನ್ನದೊಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

1990ರ ದಶಕದ ಆರಂಭ. ನಾನು ಆಗತಾನೆ ಮಕ್ಕಳ ವೈದ್ಯಕೀಯದ ಪದವಿ ಪಡೆದು ಒಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಗಿನ ಹೊತ್ತು ಹೊರರೋಗಿಗಳ ಸಾಲು ಬಾಗಿಲ ಆಚೆಗೂ ಬೆಳೆಯುತ್ತಿತ್ತು. ಹಳ್ಳಿಯ ತಾಯಿಯೊಬ್ಬಳು ಮೂರು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ಕೆಮ್ಮು, ಸ್ವಲ್ಪ ಏದುಸಿರು. ನಾನು ಬೆನ್ನಿನ ಮೇಲೆ ನಾಳವನ್ನಿಟ್ಟು ಕೇಳಿ, ನೆಗಡಿಯ ಸೋಂಕೆಂದು ಔಷಧ ಬರೆದೆ. ಹತ್ತು ದಿನದ ಮೇಲೆ ಅವಳೇ ಮತ್ತೆ ಬಂದಳು. ನಾನು ಔಷಧ ಬದಲಾಯಿಸಿದೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, “ಸ್ವಾಮಿ, ಹಾಲು ಕುಡೀತಾ ಕುಡೀತಾ ಮಗೀಗೆ ಹಣೆ ಬೆವರ್ತದೆ. ಎರಡು ಗುಟುಕು ಕುಡೀತದೆ, ಬಿಟ್ಟುಬಿಡ್ತದೆ” ಎಂದಳು. “ಸೆಕೆಗೆ ಇರಬೇಕಮ್ಮ” ಎಂದು ನಾನು ಮುಂದಿನ ಚೀಟಿಯನ್ನು ಕರೆದೆ.

ಮೂರನೆಯ ಸಲ ಅವಳು ಬಂದ ದಿವಸ ನನ್ನ ಅದೃಷ್ಟಕ್ಕೆ, ಅಲ್ಲ, ಆ ಕೂಸಿನ ಅದೃಷ್ಟಕ್ಕೆ, ನಮ್ಮ ವಿಭಾಗದ ಹಿರಿಯ ವೈದ್ಯೆ ನನ್ನ ಪಕ್ಕದಲ್ಲಿ ಕುಳಿತಿದ್ದರು. ಅವರು ಕೂಸನ್ನು ಮುಟ್ಟಲಿಲ್ಲ. ನನ್ನ ಹಿಂದಿನ ಎರಡು ಚೀಟಿಗಳನ್ನು ತೆಗೆದು ನೋಡಿ ಕೇಳಿದ ಮಾತು ಒಂದೇ: “ತೂಕ ಎಲ್ಲಿ ಬರೆದಿದ್ದೀರಿ?”

ನಾನು ಬರೆದಿರಲಿಲ್ಲ. ತೂಗಿಯೂ ಇರಲಿಲ್ಲ. ಸಾಲು ದೊಡ್ಡದಿತ್ತೆಂಬ ಸಬೂಬು ನನ್ನ ನಾಲಗೆಯ ತುದಿಯವರೆಗೆ ಬಂದು ಅಲ್ಲಿಯೇ ನಿಂತಿತು. ಆಗ ತೂಗಿದೆವು. ಹುಟ್ಟಿದಾಗ 2 ಕಿಲೋ 800 ಗ್ರಾಂ ಇದ್ದ ಕೂಸು ಮೂರೂವರೆ ತಿಂಗಳಲ್ಲಿ ಐದೂವರೆ ಕಿಲೋದ ಆಸುಪಾಸಿನಲ್ಲಿ ಇರಬೇಕಾಗಿದ್ದುದು 3 ಕಿಲೋ 600 ಗ್ರಾಂ ಇತ್ತು. ಆಕೆ ನಾಳವನ್ನು ಎದೆಯ ಮುಂಭಾಗಕ್ಕೆ ಇಟ್ಟು, ಕೇಳಿ, ನನ್ನ ಕಿವಿಗೂ ಕೊಟ್ಟರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರವಿರುವ ಮಕ್ಕಳಲ್ಲಿ ಕೇಳಿಬರುವ ಒರಟು ಸದ್ದು ಸ್ಪಷ್ಟವಾಗಿ ಕೇಳಿಸಿತು. ರಕ್ತವು ಹೆಚ್ಚಾಗಿ ಶ್ವಾಸಕೋಶಕ್ಕೆ ನುಗ್ಗಿ ಕೂಸು ಏದುತ್ತಿತ್ತು. ಹಾಲು ಕುಡಿಯುವುದೇ ಅದಕ್ಕೆ ಬೆಟ್ಟ ಹತ್ತಿದಷ್ಟು ಆಯಾಸ. ಹಣೆ ಬೆವರಿದ್ದು ಅದರಿಂದ. ರೋಗವನ್ನು ಆ ತಾಯಿ ತನ್ನ ಮಾತಿನಲ್ಲಿ ನನಗೆ ಪೂರ್ತಿಯಾಗಿ ಹೇಳಿದ್ದಳು. ಪಠ್ಯಪುಸ್ತಕದಲ್ಲಿ ಅದೇ ವಾಕ್ಯವನ್ನು ನಾನು ಪರೀಕ್ಷೆಗೆ ಓದಿದ್ದೆ.

ಕೂಸಿಗೆ ಕೆಲವು ತಿಂಗಳು ಔಷಧ ಕೊಟ್ಟು, ಆಹಾರದಿಂದ ತೂಕ ಕೂಡಿಸಿ, ಬೆಂಗಳೂರಿಗೆ ಕಳುಹಿಸಿ ಶಸ್ತ್ರಕ್ರಿಯೆ ಮಾಡಿಸಿದರು. ಅದು ಉಳಿಯಿತು. ಉಳಿದುದು ನನ್ನ ವಿದ್ಯೆಯಿಂದಲ್ಲ. ಎರಡು ಸಲ ಬರಿಗೈಯಲ್ಲಿ ಹಿಂತಿರುಗಿಯೂ ಮೂರನೆಯ ಸಲ ಬಸ್ಸು ಹತ್ತಿದ ಆ ತಾಯಿಯ ಹಠದಿಂದ. ಅಂದಿನಿಂದ ನನ್ನ ಕೊಠಡಿಯಲ್ಲಿ ತಕ್ಕಡಿ ಬಾಗಿಲ ಬಳಿಯೇ ಇದೆ. ಅದನ್ನು ದಾಟದೆ ಯಾವ ಮಗುವೂ ನನ್ನ ಮೇಜಿನ ಬಳಿಗೆ ಬರುವಂತಿಲ್ಲ.

ಈ ಕಥೆಯಲ್ಲಿ ಮಕ್ಕಳ ವೈದ್ಯನು ಕಲಿತಿರಬೇಕಾದ ಮುಖ್ಯ ವಿದ್ಯೆಗಳೆಲ್ಲ ಇವೆ. ಮಗುವಿಗೆ ಬಾಯಿಲ್ಲ; ಎಲ್ಲಿ ನೋವು, ಎಂದಿನಿಂದ ಎಂದು ಹೇಳಲಾರದು. ಅದರ ಪರವಾಗಿ ತಾಯಿ ಮಾತನಾಡುತ್ತಾಳೆ. ಅವಳ ಮಾತಿನಲ್ಲಿ ಭಯದ ಪಾಲೆಷ್ಟು, ಕಂಡುದರ ಪಾಲೆಷ್ಟು ಎಂದು ವೈದ್ಯನು ತೂಗಿ ನೋಡಬಹುದು. ಆದರೆ “ಮಗು ಎಂದಿನಂತಿಲ್ಲ” ಎಂದು ತಾಯಿ ಹೇಳಿದಾಗ ಅದನ್ನು ತಳ್ಳಿಹಾಕುವವನು ಬಹಳ ಸಲ ಸೋಲುತ್ತಾನೆ. ಎರಡನೆಯದು, ಮುಟ್ಟುವುದಕ್ಕೆ ಮೊದಲು ನೋಡುವುದು. ದೊಡ್ಡವರನ್ನು ಮಂಚದ ಮೇಲೆ ಮಲಗಿಸಿ ಪರೀಕ್ಷಿಸುತ್ತಾರೆ. ಮಗುವನ್ನು ಹಾಗೆ ಕಿತ್ತುಕೊಂಡು ಮಲಗಿಸಿದರೆ ಅಳುತ್ತದೆ. ಅತ್ತ ಮೇಲೆ ಉಸಿರೂ ನಾಡಿಯೂ ಏನನ್ನೂ ಹೇಳವು. ಆದುದರಿಂದ ಬಲ್ಲ ವೈದ್ಯನು ತಾಯಿಯ ಮಡಿಲಿನಲ್ಲಿರುವಾಗಲೇ ಕೂಸಿನ ಹೊಟ್ಟೆಯ ಏರಿಳಿತವನ್ನು ನೋಡುತ್ತ ಗಡಿಯಾರ ಹಿಡಿದು ಒಂದು ನಿಮಿಷ ಉಸಿರೆಣಿಸುತ್ತಾನೆ. ಕಿವಿ, ಗಂಟಲುಗಳನ್ನು ಕೊನೆಗೆ ನೋಡುತ್ತಾನೆ. “ಡಾಕ್ಟರು ಮಗುವನ್ನು ಮುಟ್ಟಲೇ ಇಲ್ಲ, ಸುಮ್ಮನೆ ನೋಡುತ್ತ ಕುಳಿತಿದ್ದರು” ಎಂದು ಕೆಲವರು ದೂರುವುದುಂಟು. ಆ ಸುಮ್ಮನೆ ನೋಡಿದ ಒಂದು ನಿಮಿಷಕ್ಕೇ ಅವರು ಶುಲ್ಕ ತೆತ್ತದ್ದು ಎಂದು ನಾನು ಹೇಳುತ್ತೇನೆ.

ಉಸಿರೆಣಿಸುವುದನ್ನು ತಾವೂ ಕಲಿಯಬಹುದು. ಕೆಮ್ಮಿರುವ ಮಗು ಸಮಾಧಾನವಾಗಿರುವಾಗ ಅಥವಾ ನಿದ್ರಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿನಲ್ಲಿ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ಬರಿಯ ನೆಗಡಿಯಲ್ಲದೆ ಶ್ವಾಸಕೋಶದ ಉರಿಯೂತವಾಗಿರಬಹುದು. ಅದೇ ದಿನ ವೈದ್ಯರ ಬಳಿಗೆ ಹೋಗತಕ್ಕದ್ದು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಹಾಲು ಕುಡಿಯಲಾರದಿದ್ದರೆ, ಫಿಟ್ಸು ಬಂದರೆ, ಎಚ್ಚರಿಸಿದರೂ ಮಂಕಾಗಿ ಬಿದ್ದಿದ್ದರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ಬೆಳಗಾಗಲಿ ಎಂದು ಕಾಯಲಾಗದು.

ನೋಡುವ ಕಣ್ಣು ವೈದ್ಯನಿಗೇ ಇರಬೇಕೆಂದಿಲ್ಲ ಎಂಬುದಕ್ಕೆ ಒಂದು ಪ್ರಸಂಗ ನೆನಪಾಗುತ್ತದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ದಿನ ತುಂಬದ ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ವಾರ್ಡ್ ಎಂಬ ದಾದಿ, ಬಿಸಿಲು ಚೆನ್ನಾಗಿದ್ದ ದಿನಗಳಲ್ಲಿ ಅವನ್ನು ಅಂಗಳಕ್ಕೆ ತರುತ್ತಿದ್ದಳು. ಕಾಮಾಲೆಯಿಂದ ಹಳದಿಯಾಗಿದ್ದ ಒಂದು ಕೂಸಿನ ಮೈಯಲ್ಲಿ ಬಟ್ಟೆ ಮುಚ್ಚಿದ ಭಾಗ ಮಾತ್ರ ಹಳದಿಯಾಗಿ ಉಳಿದು ಬೆಳಕು ಬಿದ್ದ ಭಾಗ ತಿಳಿಯಾಗಿರುವುದನ್ನು ಅವಳು ಕಂಡು ವೈದ್ಯರಿಗೆ ತೋರಿಸಿದಳು. ಡಾಕ್ಟರ್ ಕ್ರೆಮರ್ ಮತ್ತು ಅವರ ಸಂಗಡಿಗರು ಅದನ್ನು ಪರೀಕ್ಷಿಸಿ 1958ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿರುವ ಕೂಸುಗಳು ಆ ದಾದಿಯ ಋಣದಲ್ಲಿವೆ. ಆದರೆ ಮನೆಯಲ್ಲಿ ಬಿಸಿಲಿಗೆ ಹಿಡಿದರೆ ಸಾಕೆಂದು ಯಾರೂ ತಿಳಿಯಬಾರದು. ಹುಟ್ಟಿದ ಮೊದಲ ದಿನವೇ ಕಾಣಿಸಿಕೊಂಡ ಅಥವಾ ಅಂಗಾಲಿನವರೆಗೆ ಇಳಿದ ಹಳದಿಗೆ ರಕ್ತಪರೀಕ್ಷೆ ಆಗಲೇಬೇಕು.

ಮತ್ತೆ ತೂಕಕ್ಕೆ ಬರೋಣ. ಕೂಸು ಹುಟ್ಟಿದ ಮೊದಲ ಕೆಲವು ದಿವಸ ಸ್ವಲ್ಪ ತೂಕ ಕಳೆದುಕೊಳ್ಳುತ್ತದೆ. ಬಾಣಂತಿಯರು ಇದಕ್ಕೆ ಹೆದರಬೇಕಾಗಿಲ್ಲ. ಹತ್ತರಿಂದ ಹದಿನಾಲ್ಕು ದಿವಸಗಳೊಳಗೆ ಹೋದುದು ಹಿಂತಿರುಗಬೇಕು. ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟು, ವರ್ಷ ತುಂಬುವ ಹೊತ್ತಿಗೆ ಸುಮಾರು ಮೂರರಷ್ಟು ಆಗುತ್ತದೆ. ಹುಟ್ಟುವಾಗ 50 ಸೆಂಟಿಮೀಟರ್ ಇರುವ ಉದ್ದ ವರ್ಷದಲ್ಲಿ 75ರ ಸಮೀಪಕ್ಕೆ ಬರುತ್ತದೆ. ಇನ್ನು ಮುಂದೆ ಆಯುಸ್ಸಿನಲ್ಲಿ ಎಂದೂ ನಾವು ಅಷ್ಟು ವೇಗವಾಗಿ ಬೆಳೆಯುವುದಿಲ್ಲ.

ಆದರೆ ಒಂದು ದಿವಸದ ತೂಕ ಬಹಳವೇನೂ ಹೇಳದು. ತಿಂಗಳು ತಿಂಗಳಿಗೆ ತೂಗಿ ಪಟ್ಟಿಯಲ್ಲಿ ಚುಕ್ಕೆಯಿಟ್ಟು, ಚುಕ್ಕೆಗಳನ್ನು ಸೇರಿಸಿ ಗೆರೆಯೆಳೆದರೆ ಆ ಗೆರೆ ಮಾತನಾಡುತ್ತದೆ. ಪಕ್ಕದ ಮನೆಯ ಕೂಸು ಗುಂಡುಗುಂಡಾಗಿದೆ, ನಮ್ಮದು ಸಣಕಲು ಎಂದು ಎಷ್ಟೋ ತಾಯಂದಿರು ಕೊರಗುತ್ತಾರೆ. ಸಣಕಲಾದ ಕೂಸು ತನ್ನ ಗೆರೆಯನ್ನು ಹಿಡಿದು ಮೇಲೇರುತ್ತಿದ್ದರೆ ಚಿಂತೆಯಿಲ್ಲ. ಗುಂಡಾದ ಕೂಸಿನ ಗೆರೆ ಎರಡು ತಿಂಗಳು ಮಟ್ಟಸವಾಗಿ ಮಲಗಿದರೆ, ಅದು ನಗುತ್ತಿದ್ದರೂ ಏನೋ ನಡೆದಿದೆಯೆಂದೇ ಅರ್ಥ. “ನಮ್ಮ ದೇಶದ ಮಕ್ಕಳೇ ಸಣ್ಣ, ಪರದೇಶದ ಅಳತೆ ನಮಗೆ ಹೊಂದದು” ಎಂಬ ಆಕ್ಷೇಪಣೆಯೊಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಾ ಮತ್ತು ನಮ್ಮ ದೆಹಲಿ, ಈ ಆರು ಕಡೆ ಸಾವಿರಾರು ಮಕ್ಕಳನ್ನು ಅಳೆಯಿಸಿತು. ಎದೆಹಾಲುಂಡು ಅನುಕೂಲಸ್ಥಿತಿಯಲ್ಲಿ ಬೆಳೆದ ಮಕ್ಕಳು ಎಲ್ಲೆಲ್ಲಿಯೂ ಹೆಚ್ಚು ಕಡಮೆ ಒಂದೇ ರೀತಿಯಲ್ಲಿ ಬೆಳೆಯುತ್ತವೆಂದು ಕಂಡುಬಂದು, 2006ರಲ್ಲಿ ಜಗತ್ತಿಗೆಲ್ಲ ಒಂದೇ ಪಟ್ಟಿಯನ್ನು ಹೊರಡಿಸಿದರು. ಮೊದಲ ಐದು ವರ್ಷಗಳ ಮಟ್ಟಿಗೆ, ನಮ್ಮ ಮಕ್ಕಳು ಸಣ್ಣಗಿರುವುದಕ್ಕೆ ಮುಖ್ಯ ಕಾರಣ ಕುಲವಲ್ಲ; ಊಟ, ಸೋಂಕು, ತಾಯಿಯ ಆರೋಗ್ಯ ಇವು.

ತೂಕದ ಜೊತೆಗೇ ಬುದ್ಧಿಯ ಮತ್ತು ಮೈಕೈಗಳ ಪ್ರಗತಿಯನ್ನೂ ನೋಡಬೇಕು. ಆರರಿಂದ ಎಂಟು ವಾರಗಳಲ್ಲಿ ಮುಖ ನೋಡಿ ನಗುವುದು, ನಾಲ್ಕನೆಯ ತಿಂಗಳ ಹೊತ್ತಿಗೆ ಕುತ್ತಿಗೆ ನಿಲ್ಲುವುದು, ಏಳೆಂಟು ತಿಂಗಳಿಗೆ ಆಸರೆಯಿಲ್ಲದೆ ಕುಳಿತುಕೊಳ್ಳುವುದು, ವರ್ಷದ ಆಚೀಚೆ ಹೆಜ್ಜೆಯಿಡುವುದು, ಇವು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮೈಲಿಗಲ್ಲುಗಳು. ಆದರೆ ಅಜ್ಜಿಗೂ ಕಾಣದ ಕೆಲವು ವಿಷಯಗಳುಂಟು. ಸಾವಿರ ಎರಡು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಥೈರಾಯ್ಡ್ ಗ್ರಂಥಿಯ ರಸ ಸಾಲದೆ ಇರುತ್ತದೆ. ನೋಡಲು ಅದು ಶಾಂತವಾದ, ಅಳದ, ಹೆಚ್ಚು ನಿದ್ರಿಸುವ ಮುದ್ದಾದ ಕೂಸು. ಮನೆಯವರು “ಎಷ್ಟು ಸಾಧು” ಎನ್ನುತ್ತಿರುವಾಗಲೇ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತಿರುತ್ತದೆ. ಹುಟ್ಟಿದ ಮೊದಲ ವಾರದಲ್ಲಿ ಹಿಮ್ಮಡಿಯಿಂದ ಕೆಲವು ತೊಟ್ಟು ರಕ್ತ ತೆಗೆದು ಪರೀಕ್ಷಿಸಿ, ಎರಡು ವಾರಗಳೊಳಗೆ ಗುಳಿಗೆ ಆರಂಭಿಸಿದರೆ ಆ ಮಗು ಎಲ್ಲರಂತೆ ಓದಿ ಬರೆದು ಬಾಳುತ್ತದೆ. ತಡವಾದರೆ ಕಳೆದುಹೋದ ಬುದ್ಧಿಯನ್ನು ಯಾವ ವೈದ್ಯನೂ ತಂದುಕೊಡಲಾರ. ರೋಗ ಕಾಣಿಸಿದ ಮೇಲೆ ವೈದ್ಯನ ಬಳಿಗೆ ಹೋಗುವುದು ಎಂಬ ನಮ್ಮ ಪದ್ಧತಿ ಇಂಥಲ್ಲಿ ನಿಷ್ಪ್ರಯೋಜಕ.

ಆರೋಗ್ಯವಾಗಿರುವ ಕೂಸನ್ನೂ ವೈದ್ಯನ ಬಳಿಗೆ ತರಬೇಕೆಂಬ ಈ ಭಾವನೆ ಪಶ್ಚಿಮದಲ್ಲಿಯೂ ಬಹು ಹಳೆಯದಲ್ಲ. ಪ್ಯಾರಿಸ್ಸಿನಲ್ಲಿ ಮಕ್ಕಳಿಗಾಗಿಯೇ ಆಸ್ಪತ್ರೆ 1802ರಲ್ಲಿ ಆಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ವೆಸ್ಟ್ ಎಂಬ ವೈದ್ಯರು 1852ರಲ್ಲಿ ಹತ್ತು ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ಅವೆರಡೂ ರೋಗಪೀಡಿತ ಮಕ್ಕಳಿಗೆ. 1892ರಲ್ಲಿ ಪ್ಯಾರಿಸ್ಸಿನ ಪಿಯರ್ ಬ್ಯೂಡಾನ್ ಎಂಬ ವೈದ್ಯರು, ತಮ್ಮ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರು ಕೂಸುಗಳನ್ನು ಕ್ರಮವಾಗಿ ಕರೆತಂದು ತೂಗಿಸಿಕೊಂಡು ಹೋಗುವ ಏರ್ಪಾಡು ಮಾಡಿದರು. ಎದೆಹಾಲನ್ನು ಬಿಡಿಸದಂತೆ ಬುದ್ಧಿ ಹೇಳಿದರು. ಮಕ್ಕಳ ವೈದ್ಯಕೀಯವು ನಿಜವಾಗಿ ತನ್ನ ಹೆಸರಿಗೆ ತಕ್ಕುದಾದುದು ಆ ತಕ್ಕಡಿಯಿಂದ ಎಂದು ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಮುಂಬಯಿಯಲ್ಲಿ ಮಕ್ಕಳ ಆಸ್ಪತ್ರೆಗಳು 1920ರ ದಶಕದ ಕೊನೆಯಲ್ಲಿ ತಲೆಯೆತ್ತಿದವು. 1933ರಲ್ಲಿ ಕಲ್ಕತ್ತೆಯ ಕೆ. ಸಿ. ಚೌಧುರಿಯವರು ಈ ವಿದ್ಯೆಗೇ ಮೀಸಲಾದ ಪತ್ರಿಕೆಯನ್ನು ಹೊರಡಿಸಿದರು. ಮೈಸೂರು ಸಂಸ್ಥಾನದಲ್ಲಿ ತಾಯಿಮಕ್ಕಳಿಗಾಗಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಬಂತು.

ಆಗ್ಗೆ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಮೈ ಊದಿ, ಕೂದಲು ಕೆಂಚಾಗಿ, ಚರ್ಮ ಸುಲಿದು ಸಾಯುತ್ತಿದ್ದ ಮಕ್ಕಳನ್ನು ನೋಡುತ್ತಿದ್ದರು. ಬಲ್ಲವರೆನಿಸಿಕೊಂಡವರು ಬೇರೆ ರೋಗದ ಹೆಸರನ್ನು ಹೇಳುತ್ತಿದ್ದಾಗ ಆಕೆ ಅಲ್ಲಿಯ ತಾಯಂದಿರನ್ನೇ ಕೇಳಿದರು. ಅವರು ‘ಕ್ವಾಶಿಯೋರ್ಕರ್’ ಎಂದರು. ಇನ್ನೊಂದು ಕೂಸು ಹುಟ್ಟಿದಾಗ ಎದೆಯಿಂದ ಇಳಿಸಲ್ಪಟ್ಟ ಮೊದಲ ಕೂಸಿಗೆ ಬರುವ ಜಾಡ್ಯವೆಂದು ಆ ಮಾತಿನ ತಾತ್ಪರ್ಯ. ಕಾರಣವೂ ಪರಿಹಾರವೂ ಆ ಒಂದು ಹೆಸರಿನಲ್ಲಿಯೇ ಇತ್ತು. 1935ರಲ್ಲಿ ಆಕೆ ಅದೇ ಹೆಸರನ್ನು ವೈದ್ಯಶಾಸ್ತ್ರಕ್ಕೆ ಸೇರಿಸಿದರು. ನಾನು ಕೇಳಿಸಿಕೊಳ್ಳದೆ ಬಿಟ್ಟ ತಾಯಿಯ ಮಾತು ನೆನಪಾದಾಗಲೆಲ್ಲ ನನಗೆ ಈಕೆಯೂ ನೆನಪಾಗುತ್ತಾರೆ.

ಲಸಿಕೆಯ ವಿಷಯವನ್ನು ಬಹಳ ಹೇಳಬೇಕಾಗಿಲ್ಲ. ದೇವಿ ಹಾಕಿಸುವುದೆಂಬ ಪದ್ಧತಿಗೆ ನಮ್ಮ ಮೈಸೂರಿಗಿಂತ ಹಳೆಯ ನೆಂಟರು ಕಡಮೆ. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅವರಲ್ಲಿ ಒಬ್ಬಾಕೆ ಸೆರಗನ್ನು ಸರಿಸಿ ತೋಳನ್ನು ತೋರುತ್ತಾಳೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಅಂತಃಪುರದವರೆಂದೂ, ಹೊಸ ಲಸಿಕೆಗೆ ಜನರು ಅಂಜದಿರಲೆಂದೇ ಆ ತೋಳನ್ನು ತೋರಿಸಿದ್ದೆಂದೂ ಇತಿಹಾಸಜ್ಞರು ಊಹಿಸಿದ್ದಾರೆ. ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ಸಾರಿದರು. ಭಾರತದಲ್ಲಿ ಪೋಲಿಯೋ ರೋಗವು ಕೊನೆಯದಾಗಿ ಕಂಡುಬಂದುದು 2011ರ ಜನವರಿಯಲ್ಲಿ, ಬಂಗಾಳದ ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಹೆಸರೇ ಇಂದಿನ ತರುಣ ತಾಯಂದಿರಿಗೆ ಅಪರಿಚಿತವಾಗಿವೆ. ತೊಂದರೆ ಇರುವುದೂ ಅಲ್ಲಿಯೇ. ಕಾಣದ ರೋಗಕ್ಕೆ ಅಂಜುವವರಾರು? ದಡಾರದ ಚುಚ್ಚುಮದ್ದಿಗೆ ಒಂಬತ್ತು ತಿಂಗಳು ತುಂಬಿದಾಗ ಒಂದು ಸಲ ಹೋಗುತ್ತಾರೆ. ಹದಿನಾರನೆಯ ತಿಂಗಳ ಮೇಲೆ ಕೊಡಬೇಕಾದ ಎರಡನೆಯದನ್ನು ಮರೆಯುತ್ತಾರೆ. ಮರೆಯದಂತೆ ನೆನಪಿಸುವುದೂ ಮಕ್ಕಳ ವೈದ್ಯನ ಪಾಲಿಗೆ ಬಿದ್ದ ಕೆಲಸ.

ನಮ್ಮ ನೆರೆಯ ಹಿರಿಯರು ಇನ್ನೊಂದು ಮಾತನ್ನೂ ಆಡಿದ್ದರು: “ನೀವು ವಿಶೇಷಜ್ಞರು ಕೊಡುವುದೆಲ್ಲ ದುಬಾರಿ.” ಇದಕ್ಕೆ ಉತ್ತರವಾಗಿ ಕಲ್ಕತ್ತೆಯ ದಿಲೀಪ್ ಮಹಲನಬೀಸ್ ಅವರ ಹೆಸರನ್ನು ಹೇಳುತ್ತೇನೆ. ಅವರು ಮಕ್ಕಳ ವೈದ್ಯರು. 1971ರ ಯುದ್ಧಕಾಲದಲ್ಲಿ ಗಡಿಯ ಬನಗಾಂವ್ ಊರಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ದ್ರವ ಮುಗಿದುಹೋಯಿತು. ಆಗ ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ಲೆಕ್ಕವಾಗಿ ನೀರಿನಲ್ಲಿ ಬೆರಸಿ ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟರು. ನೂರಕ್ಕೆ ಮೂವತ್ತರ ಸಮೀಪವಿದ್ದ ಸಾವು ನೂರಕ್ಕೆ ನಾಲ್ಕಕ್ಕೂ ಕೆಳಗಿಳಿಯಿತು. ಸಕ್ಕರೆಯು ಕರುಳಿನಲ್ಲಿ ಉಪ್ಪನ್ನು ತನ್ನೊಡನೆ ಒಳಕ್ಕೆ ಕರೆದೊಯ್ಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇದೇ ಅದರ ಗುಟ್ಟು. ಇಂದು ಓ.ಆರ್.ಎಸ್. ಪೊಟ್ಟಣವೆಂದು ಅಂಗಡಿಯಲ್ಲಿ ಸಿಗುವುದು ಅದರ ಸಂತತಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣವನ್ನು ಹಾಕಬೇಕು. ಅರ್ಧ ಅಂದಾಜಿನಲ್ಲಿ ಬೆರಸುವುದು ಅಪಾಯ. ಪೊಟ್ಟಣ ಸಿಕ್ಕದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಚಮಚವೆಂದರೆ ಟೀ ಚಮಚ. ಜೊತೆಗೆ ಹದಿನಾಲ್ಕು ದಿನ ಸತುವಿನ ಗುಳಿಗೆ. ಎದೆಹಾಲನ್ನು ನಿಲ್ಲಿಸಲೇ ಕೂಡದು.

ಹಾಗೆಂದ ಮೇಲೆ ನಮ್ಮ ಮನೆಗಳ ಪದ್ಧತಿಗಳ ಬಗ್ಗೆ ಎರಡು ಮಾತು. ಅಜ್ಜಿಯರನ್ನು ನಿಂದಿಸುವುದು ಈಚೆಗೆ ವೈದ್ಯರಿಗೊಂದು ಹವ್ಯಾಸವಾಗಿದೆ. ನಾನು ಆ ಪಂಗಡದವನಲ್ಲ. ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡುವ ನಮ್ಮ ಸಂಪ್ರದಾಯವೂ, ಆರು ತಿಂಗಳು ಎದೆಹಾಲೊಂದೇ ಸಾಕೆನ್ನುವ ಇಂದಿನ ಶಾಸ್ತ್ರವೂ ಒಂದನ್ನೊಂದು ಒಪ್ಪುತ್ತವೆ. ಮೊಳಕೆ ಕಟ್ಟಿದ ರಾಗಿಯ ಸರಿಗಿಂತ ಒಳ್ಳೆಯ ಆರಂಭದ ಆಹಾರ ಡಬ್ಬಿಯಲ್ಲಿ ಬರುವುದಿಲ್ಲ. ಅದಕ್ಕೆ ಒಂದಿಷ್ಟು ಬೇಳೆ, ತುಪ್ಪ, ಸೊಪ್ಪು ಕೂಡಬೇಕು, ಅಷ್ಟೆ. ದೃಷ್ಟಿ ತೆಗೆಯುವುದರಿಂದ ಹಾನಿಯಿಲ್ಲ. ಆದರೆ ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದನ್ನು ಬಿಡತಕ್ಕದ್ದು. ವರ್ಷದೊಳಗಿನ ಶಿಶುವಿನ ಕರುಳಿನಲ್ಲಿ ಜೇನಿನೊಳಗಿನ ಒಂದು ಜೀವಾಣು ಮೊಳೆತು ಮೈಯನ್ನು ಸೋಲಿಸುವ ವಿಷವನ್ನು ಹುಟ್ಟಿಸಬಲ್ಲದು. ಮೂಗಿಗೆ ಎಣ್ಣೆ ಹಾಕಿದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಮೊದಲ ಹಳದಿಯ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು ಮೊದಲ ಲಸಿಕೆಯನ್ನೇ ಚೆಲ್ಲಿದಂತೆ. ಇನ್ನು ಮೈಗೆ ಬರೆಹಾಕುವ ಕ್ರೌರ್ಯದ ವಿಷಯ: ಬಿಸಿ ಬಳೆಯ ಗುರುತು ಹೊತ್ತ ಹೊಟ್ಟೆಗಳನ್ನು ನಾನು ನೋಡಿದ್ದೇನೆ. ಅದರ ಬಗ್ಗೆ ಸಮಾಧಾನದಿಂದ ಮಾತನಾಡುವುದು ನನ್ನಿಂದ ಆಗದು.

ವಿದ್ಯಾವಂತರ ಮನೆಗಳಲ್ಲಿ ಬರೆಯಿಲ್ಲ, ನಿಜ. ಅಲ್ಲಿ ಬೇರೊಂದು ರೋಗವಿದೆ. ನೆಗಡಿಯ ಎರಡನೆಯ ದಿನವೇ “ಬಲವಾದ ಔಷಧ ಕೊಡಿ ಡಾಕ್ಟರೇ, ನಾಳಿದ್ದು ಪರೀಕ್ಷೆಯಿದೆ” ಎನ್ನುವುದು; ಕೊಡದಿದ್ದರೆ ಇನ್ನೊಬ್ಬರ ಬಳಿಗೆ ಹೋಗುವುದು; ಹಳೆಯ ಸೀಸೆಯಲ್ಲಿ ಮಿಕ್ಕಿದ್ದನ್ನು ತಾವೇ ಕುಡಿಸುವುದು. ಮಕ್ಕಳ ನೆಗಡಿಗಳೆಲ್ಲ ಬಹುಮಟ್ಟಿಗೆ ವೈರಸ್ಸಿನಿಂದ ಬರತಕ್ಕವು. ಜೀವಾಣುನಾಶಕ ಔಷಧಗಳು ಅವನ್ನು ಮುಟ್ಟಲಾರವು. ಚಿಕ್ಕ ಮಕ್ಕಳಿಗೆ ಅಂಗಡಿಯಿಂದ ಕೆಮ್ಮಿನ ಸಿರಪ್ಪನ್ನು ತಂದು ಕೊಡುವುದರಲ್ಲಿ ಲಾಭಕ್ಕಿಂತ ಅಪಾಯ ಹೆಚ್ಚು. ಔಷಧವಿಲ್ಲದೆ, “ಮೂರು ದಿವಸ ನೋಡೋಣ, ಉಸಿರೆಣಿಸಿರಿ, ಹೀಗಾದರೆ ಬನ್ನಿ” ಎಂದು ಹೇಳಿ ಕಳುಹಿಸುವ ವೈದ್ಯನು ತಮ್ಮನ್ನು ಬರಿಗೈಯಲ್ಲಿ ಕಳುಹಿಸಿದನೆಂದು ತಿಳಿಯಬೇಡಿ. ಹಾಗೆ ಹೇಳುವುದಕ್ಕೆ ಬರೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ಪ್ರತಿ ಹಳ್ಳಿಗೂ ಮಕ್ಕಳ ತಜ್ಞರು ದೊರೆಯುವ ಕಾಲ ಇನ್ನೂ ಬಂದಿಲ್ಲ. ಅವರೆಲ್ಲ ಪಟ್ಟಣಗಳಲ್ಲಿ ಗುಂಪುಗೂಡಿದ್ದಾರೆ. ಆದರೆ ತಕ್ಕಡಿ ಹಳ್ಳಿಗೆ ಹೋಗಿದೆ. 1975ರ ಅಕ್ಟೋಬರಿನಲ್ಲಿ ಅಂಗನವಾಡಿಗಳ ಯೋಜನೆ ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಅಂದಿನಿಂದ ಅಂಗನವಾಡಿಯ ಕಾರ್ಯಕರ್ತೆಯರು ಮಕ್ಕಳನ್ನು ತೂಗಿ ಚುಕ್ಕೆಯಿಡುತ್ತ ಬಂದಿದ್ದಾರೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವುದರೊಳಗೆ ತೀರಿಹೋಗುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಈ ಇಳಿತದಲ್ಲಿ ತಜ್ಞರ ಪಾಲಿಗಿಂತ ಅವರ ಪಾಲು ಕಡಮೆಯೆಂದು ನಾನು ಹೇಳಲಾರೆ. ಗೆರೆ ಬಾಗಿದ ಮಗುವನ್ನು ಅವರು ಕಳುಹಿಸಿಕೊಟ್ಟಾಗ, ಏಕೆ ಬಾಗಿತೆಂದು ಹುಡುಕುವುದು ನಮ್ಮ ಕೆಲಸ.

ತಮ್ಮ ಮನೆಯಲ್ಲಿ ಚಿಕ್ಕ ಮಗುವಿದ್ದರೆ, ಬೀರುವಿನಲ್ಲಿ ಎಲ್ಲೋ ತಾಯಿ ಕಾರ್ಡು ಇರುತ್ತದೆ. ಇಂದು ರಾತ್ರಿ ಅದನ್ನು ತೆಗೆದು, ತೂಕದ ಪಟ್ಟಿಯಿರುವ ಪುಟವನ್ನು ಬಿಡಿಸಿ, ಕೊನೆಯ ಚುಕ್ಕೆಯನ್ನು ಯಾವ ತಿಂಗಳಲ್ಲಿ ಇಟ್ಟಿದ್ದಾರೆಂದು ನೋಡಿ. ಆ ಪುಟ ಖಾಲಿಯಾಗಿದ್ದರೆ, ನಾಳೆ ವೈದ್ಯರ ಬಳಿಗೆ ಹೋದಾಗ ನನ್ನ ಹಿರಿಯ ವೈದ್ಯೆ ನನ್ನನ್ನು ಕೇಳಿದ ಪ್ರಶ್ನೆಯನ್ನೇ ತಾವೂ ಅವರನ್ನು ಕೇಳಬಹುದು.